ಒಂದೇ ಬಟ್ಟಲಿನ ಎರಡು ಕಡ್ಡಿಗಳು

ಹೋದ ತಿಂಗಳು ಚಿತ್ರದುರ್ಗದ ನಮ್ಮ ಕಾಲೇಜಿನ ಲ್ಯಾಬಿಗೆ ಬಣ್ಣ ಹೊಡೆಸಲೆಂದು ಕಪಾಟುಗಳನ್ನೆಲ್ಲ ಖಾಲಿ ಮಾಡಿದೆವು. ಮೇಲಿನ ಅಟ್ಟದಲ್ಲಿ ನೀಲಿ ಪ್ಲಾಸ್ಟಿಕ್ಕಿನ ಊಟದ ಡಬ್ಬಿಯೊಂದು ಸಿಕ್ಕಿತು. ಮುಚ್ಚಳದಲ್ಲಿ ಎರಡು ತೂತು, ಪಕ್ಕದಲ್ಲಿ ಒಣಗಿ ಸಿಪ್ಪೆ ಎದ್ದ ಟೇಪು, ಒಳಗೆ ಗಾಜಿನ ಬಟ್ಟಲು... ಅದನ್ನು ಕೆಳಗಿಳಿಸಿ ಧೂಳು ಒರೆಸಿದೆ. ಅದನ್ನು ಮಾಡಿದವರು ಕೆಮಿಸ್ಟ್ರಿ ಮೇಡಂ. ನಾನು ಅವರ ಲ್ಯಾಬಿನ ಸಹಾಯಕನಾಗಿದ್ದೆ.

ಮೇಡಂ ಹೊಳಲ್ಕೆರೆ ಕಡೆಯವರು. ಎತ್ತರದ ಹೆಂಗಸು, ಮಾತು ಕಡಿಮೆ. ಪಾಠ ಮುಗಿದ ಮೇಲೆ ಮನೆಗೆ ಹೋಗುವ ಆತುರ ಅವರಲ್ಲಿ ಎಂದೂ ಕಾಣಲಿಲ್ಲ.

ನಮ್ಮ ಕಡೆಯ ಬೋರ್‌ವೆಲ್ ನೀರಿನಲ್ಲಿ ಎರಡು ತೊಂದರೆ. ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಒಂದು. ಗೊಬ್ಬರದಿಂದ ಇಳಿದು ಬರುವ ನೈಟ್ರೇಟ್ ಇನ್ನೊಂದು. ಎರಡನ್ನೂ ಅಳೆಯಲು ಬೇರೆ ಬೇರೆ ಯಂತ್ರ ಬೇಕಾಗಿತ್ತು, ಸೀಸೆಗಳನ್ನು ಪೇಟೆಗೆ ಹೊತ್ತು ತರಬೇಕಾಗಿತ್ತು. ಬಾವಿಯ ಬಾಯಲ್ಲೇ ಎರಡನ್ನೂ ಹೇಳುವ ಒಂದು ಡಬ್ಬಿ ಮಾಡಬೇಕೆಂಬುದು ಮೇಡಂ ಆಸೆ. ಒಂದೊಂದನ್ನು ಅಳೆಯಲು ಒಂದೊಂದು ಕಡ್ಡಿ, ಅಂದರೆ ಎಲೆಕ್ಟ್ರೋಡು. ಆ ಎರಡು ಕಡ್ಡಿಗಳನ್ನು ಒಂದೇ ಬಟ್ಟಲಿಗೆ ಇಳಿಬಿಟ್ಟ ದಿನ ನನಗೆ ಅರ್ಥವಾಗುವಂತೆ ಹೇಳಿದ್ದರು:

"ಫ್ಲೋರೈಡಿನ ಕಡ್ಡಿ ಸುಮ್ನೆ ಕುಂತು ಕೇಳ್ತೈತೆ, ನೀರಿನಾಗೆ ತಾನಾಗೇ ಹುಟ್ಟೋ ವೋಲ್ಟೇಜು ನೋಡ್ತೈತೆ ಅಷ್ಟೆ. ನೈಟ್ರೇಟಿಂದು ಹಂಗಲ್ಲ. ಕರೆಂಟ್ ಹರಿಸಿ, ಕೆಣಕಿ ಮಾತಾಡಿಸ್ತೈತೆ. ಇಬ್ರನ್ನೂ ಒಂದೇ ಮನೇಲಿ ಇಡೋದೇ ಕಷ್ಟ."

ಕಷ್ಟ ನಿಜ. ನೈಟ್ರೇಟ್ ಅಳೆಯುವಾಗ ನೀರಿಗೆ ಒಂದಿಷ್ಟು ಆಸಿಡ್ ಹಾಕಬೇಕು. ಆ ಆಸಿಡ್ ಬಟ್ಟಲಿನಲ್ಲಿ ಉಳಿದರೆ, ಮುಂದಿನ ನೀರಿನ ಫ್ಲೋರೈಡ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಆದ್ದರಿಂದ ಪ್ರತಿ ಬಾವಿಯ ಕೆಲಸ ಮುಗಿದ ಮೇಲೂ ಬಟ್ಟಲನ್ನು ಮೂರು ಸಲ ತೊಳೆಯಬೇಕು. ತೊಳೆಯುವ ಕೆಲಸ ನನ್ನದು.

ಆ ವರ್ಷದ ಬೇಸಗೆಯಲ್ಲಿ ಜವನಗೊಂಡನಹಳ್ಳಿ ಹತ್ತಿರದ ಕುರಿಗಾರರ ಹಟ್ಟಿಯೊಂದಕ್ಕೆ ಹೋದೆವು. ಅಲ್ಲಿ ಎರಡು ಬೋರ್‌ವೆಲ್. ಯಾವುದನ್ನು ಕುಡಿಯಲು ಇಟ್ಟುಕೊಳ್ಳಬೇಕೆಂದು ಜನ ಕೇಳಿದ್ದರು. ಮಜ್ಜಿಗೆ ಕೊಟ್ಟು ಕೂರಿಸಿದರು. ಮೊದಲನೆಯದರ ನೀರು ಎಲ್ಲ ರೀತಿಯಲ್ಲೂ ಕೆಟ್ಟದ್ದೆಂದು ತಿಳಿಯಿತು. ಎರಡನೆಯದರ ಹತ್ತಿರ ಬರುವಷ್ಟರಲ್ಲಿ ನಾವು ತಂದಿದ್ದ ಶುದ್ಧ ನೀರಿನ ಕ್ಯಾನು ತಳ ಕಂಡಿತ್ತು. ನಾನು ಬಟ್ಟಲನ್ನು ಒಂದೇ ಸಲ ತೊಳೆದು, ಕೊಡವಿ, ಮೇಡಂ ಕೈಗೆ ಕೊಟ್ಟೆ. ಅಂಕಿ ಚೆನ್ನಾಗಿ ಬಂತು. ಇದನ್ನು ಕುಡಿಯಬಹುದು ಎಂದು ಮೇಡಂ ಹಟ್ಟಿಗೆ ಹೇಳಿದರು.

ಮಳೆಗಾಲ ಕಳೆದ ಮೇಲೆ, ಹೋಲಿಸಿ ನೋಡಲೆಂದು, ಆ ದಿನ ಎರಡನೆಯ ಬೋರ್‌ವೆಲ್ಲಿನಿಂದ ತೆಗೆದಿಟ್ಟಿದ್ದ ಸೀಸೆಯ ನೀರನ್ನು ಮೇಡಂ ಲ್ಯಾಬಿನ ದೊಡ್ಡ ಯಂತ್ರದಲ್ಲಿ ಅಳೆದರು. ಫ್ಲೋರೈಡ್ ಮಿತಿಗಿಂತ ಬಹಳ ಮೇಲಿತ್ತು. ನಾಲ್ಕು ಸಲ ಅಳೆದರು. ಆಮೇಲೆ ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿದರು. ನಾನು ಪಕ್ಕದಲ್ಲೇ ಇದ್ದೆ, ಒಂದೇ ಸಲ ತೊಳೆದದ್ದನ್ನು ಹೇಳಲಿಲ್ಲ.

"ಒಬ್ರು ತೊಳೆಯೋದ್ರ ಮೇಲೆ ನಿಂತಿದ್ರೆ ಅದು ಯಂತ್ರ ಅಲ್ಲಪ್ಪ," ಎಂದರು. "ತಪ್ಪು ನಂದೇ. ನಾಳೆ ಹಟ್ಟಿಗೆ ಹೋಗಾಣ."

ಬೆಳಿಗ್ಗೆ ಹಿರಿಯೂರು ಬಸ್ಸು ಹಿಡಿದೆವು. ಹಟ್ಟಿಯ ಬೇವಿನ ಮರದಡಿ ಹತ್ತಿಪ್ಪತ್ತು ಜನ ಸೇರಿದರು. ತಾವು ಕೊಟ್ಟ ಅಂಕಿ ಸುಳ್ಳೆಂದು, ಆ ನೀರನ್ನು ಇವತ್ತಿನಿಂದಲೇ ಕುಡಿಯಬಾರದೆಂದು ಮೇಡಂ ನಿಂತುಕೊಂಡೇ ಹೇಳಿದರು. ಆಸಿಡ್ಡಿನ ಮಾತು ಎತ್ತಲಿಲ್ಲ, ನನ್ನ ಹೆಸರೂ ಎತ್ತಲಿಲ್ಲ. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡಿದ್ದ ಅಜ್ಜಿಯೊಬ್ಬರು ಮುಂದೆ ಬಂದರು.

"ನೀವು ಹೇಳಿದ್ರಿ ಅಂತ ಮೊಮ್ಮಗಳಿಗೆ ಅದ್ನೇ ಕುಡಿಸಿದ್ವಲ್ರೀ."

"ಹೌದಮ್ಮ. ನಾನೇ ಹೇಳಿದ್ದು. ಅದು ತಪ್ಪು."

ಯಾರೂ ಬೈಯಲಿಲ್ಲ. ಕುಂತ್ಕಳ್ರಿ ಎಂದೂ ಯಾರೂ ಅನ್ನಲಿಲ್ಲ. ವಾಪಸು ಬರುವಾಗ ಹಿರಿಯೂರಿನವರೆಗೆ ಮೇಡಂ ಕಿಟಕಿಯ ಕಡೆ ತಿರುಗಿಯೇ ಕುಳಿತಿದ್ದರು...

ಆಮೇಲೆ ಎಷ್ಟೋ ಭಾನುವಾರ ಆ ಹಟ್ಟಿಯ ಸುತ್ತಲಿನ ಬಾವಿಗಳನ್ನು ಅಳೆದೆವು, ಪ್ರತಿಯೊಂದರ ನೀರನ್ನೂ ಲ್ಯಾಬಿಗೆ ತಂದು ಇನ್ನೊಮ್ಮೆ ನೋಡಿದೆವು. ಕೊನೆಗೆ ಒಂದು ಮೈಲಿ ಆಚೆ ಒಬ್ಬ ರೈತರ ಹೊಲದಲ್ಲಿ ಒಳ್ಳೆಯ ನೀರು ಸಿಕ್ಕಿತು. ಹಟ್ಟಿಯವರು ಅಲ್ಲಿಂದ ಪೈಪು ಹಾಕಿಕೊಳ್ಳಲು ಅವರು ಒಪ್ಪಿದರು. ನೀಲಿ ಡಬ್ಬಿಯನ್ನು ಬದಿಗಿಟ್ಟು ಮೇಡಂ ಹೊಸದೊಂದನ್ನು ಮಾಡಿದರು. ಅದರಲ್ಲಿ ಎರಡು ಬಟ್ಟಲು, ನಡುವೆ ಗೋಡೆ. ಒಂದರ ಹನಿ ಇನ್ನೊಂದಕ್ಕೆ ಹೋಗದು. ಹೊಸದುರ್ಗದ ಹಳ್ಳಿಗಳಲ್ಲಿ ಅದು ಕೊಟ್ಟ ಅಂಕಿಗಳು ಲ್ಯಾಬಿನ ಅಂಕಿಗಳಿಗೆ ತಾಳೆಯಾದವು. ಅದರ ವರದಿಯ ಮೊದಲ ಪುಟದಲ್ಲೇ ಹಟ್ಟಿಯ ತಪ್ಪನ್ನು ಬರೆದರು. ಬೇಡವೆಂದು ಕಾಲೇಜಿನವರು ಹೇಳಿದರೂ ತೆಗೆಯಲಿಲ್ಲ.

ವರ್ಷದ ಮೇಲೆ ಹಟ್ಟಿಯವರು ಹೊಸ ಬೋರ್ ಹಾಕಿಸಿ ಮತ್ತೆ ಮೇಡಂರನ್ನೇ ಕರೆದರು. ಆದರೆ ಅದೇ ನೀರನ್ನು ಬೇರೆ ಕಡೆಯೂ ತೋರಿಸುತ್ತೇವೆ ಎಂದು ಆ ಅಜ್ಜಿ ಮುಖಕ್ಕೇ ಹೇಳಿದರು. ಮೇಡಂ ನಕ್ಕದ್ದನ್ನು ನಾನು ನೋಡಿದ್ದು ಅಪರೂಪ, ಅವತ್ತು ನಕ್ಕರು.

"ಹಂಗೇ ಮಾಡ್ರಿ," ಎಂದರು. "ಯಾರು ಹೇಳಿದ್ರೂ ಎರಡು ಕಡೆ ನೋಡಿಸ್ರಿ."

ಮೇಡಂ ನಿವೃತ್ತರಾದರು, ಕಾಯಿಲೆ ಬಿದ್ದರು. ಆಸ್ಪತ್ರೆಗೆ ನೋಡಲು ಹೋದಾಗ, ಒಂದೇ ಸಲ ತೊಳೆದ ಸಂಗತಿಯನ್ನು ಹೇಳಿಬಿಡಬೇಕೆಂದೇ ಹೋಗಿದ್ದೆ. ಅವರು ಲ್ಯಾಬಿನ ಸೋರುವ ನಲ್ಲಿ ರಿಪೇರಿಯಾಯಿತೇ ಎಂದು ಕೇಳಿದರು. ಆಯಿತು ಎಂದೆ. ಅಷ್ಟು ಹೇಳಿ ಎದ್ದು ಬಂದೆ. ವಾರದೊಳಗೆ ಅವರು ತೀರಿಕೊಂಡರು.

ಈಗ ಅಂಥ ಯಂತ್ರಗಳು ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕವು ಬಂದಿವೆ. ಮುಂದಿನ ವರ್ಷ ನಾನೂ ನಿವೃತ್ತ. ಬಟ್ಟಲನ್ನು ಬೆಳಕಿಗೆ ಹಿಡಿದ ಆ ದಿನವೇ ಮೇಡಂಗೆ ಎಲ್ಲ ತಿಳಿದಿತ್ತೇನೋ... ತಿಳಿದಿದ್ದರೂ ಹೇಳಬೇಕಾದವನು ನಾನೇ ಆಗಿದ್ದೆ. ಹೇಳಲಿಲ್ಲ.