ಗೋಡೆಯ ಈಚೆಯ ಸಾಕ್ಷಿ

ಕಳೆದ ವಾರ ಆಸ್ಪತ್ರೆಯಲ್ಲಿ ನನಗೊಂದು ಮಾಸ್ಕ್ ಕೊಟ್ಟರು. ನಿದ್ದೆಯಲ್ಲಿ ನನ್ನ ಉಸಿರು ಆಗಾಗ ನಿಲ್ಲುತ್ತದಂತೆ. ಅದನ್ನು ಮೂಗಿಗೆ ಬಿಗಿದುಕೊಂಡು, ಪುಟ್ಟ ಯಂತ್ರವೊಂದು ಊದುವ ಗಾಳಿಯಲ್ಲಿ ಮಲಗಬೇಕು. ಡಬ್ಬಿ ಬಿಚ್ಚಿದಾಗ ಹೊಸ ರಬ್ಬರಿನ ವಾಸನೆ ಬಂತು. ಎರಡು ಸಾವಿರದ ದಶಕದಲ್ಲಿ ನಾವು ಸ್ವೀಡನ್ನಿನ ನಾರ್‌ಶೋಪಿಂಗ್‌ನಲ್ಲಿದ್ದಾಗ ಪಕ್ಕದ ಮನೆಯವರ ಅಡುಗೆಮನೆಯಲ್ಲಿ ಇದೇ ವಾಸನೆ ಇರುತ್ತಿತ್ತು. ಅವರು ತಮ್ಮ ಮಾಸ್ಕನ್ನು ತೊಳೆದು ಕಾಫಿ ಲೋಟಗಳ ಪಕ್ಕ ಬೋರಲು ಹಾಕಿರುತ್ತಿದ್ದರು...

ಅವರಿಗಾಗಿ ನಾನೊಂದು ಸಾಕ್ಷಿಯ ಕಾಗದ ಬರೆದುಕೊಟ್ಟಿದ್ದೆ. ಅದರಿಂದ ಏನೇನು ಕೆಡಬಹುದೆಂಬ ಪಟ್ಟಿ ನನ್ನ ತಲೆಯಲ್ಲಿ ಮೊದಲೇ ಸಿದ್ಧವಿತ್ತು. ನನ್ನ ಪರ್ಸೊನ್‌ನುಮ್ಮರ್‌ನಲ್ಲಿ, ಅಂದರೆ ಸರ್ಕಾರಿ ಗುರುತಿನ ಸಂಖ್ಯೆಯಲ್ಲಿ, ಒಂದು ಅಂಕಿ ತಪ್ಪಿ ಬೇರೆ ಯಾರೋ ಸಾಕ್ಷಿಯಾಗಬಹುದು. ವರ್ಕ್ ಪರ್ಮಿಟ್ ನವೀಕರಿಸುವವರು, ಸರ್ಕಾರದ ವಿರುದ್ಧ ಬರೆದವನು ಇವನೇ ಅಲ್ಲವೇ ಎಂದು ನನ್ನ ಕಡತವನ್ನು ಪಕ್ಕಕ್ಕಿಡಬಹುದು. ನನ್ನ ಸ್ವೀಡಿಷ್ ಓದಿ ಕಚೇರಿಯವರು ನಗಬಹುದು. ಕೋರ್ಟಿಗೆ ಕರೆಯಬಹುದು, ಸರಿಯಾಗಿ ಅವತ್ತೇ ಮಗಳ ಶಿಶುವಿಹಾರವಾದ ಡಾಗಿಸ್‌ಗೆ ರಜೆ ಇರಬಹುದು. ಅಂಚೆಯಲ್ಲಿ ಕಾಗದವೇ ಕಳೆದುಹೋಗಬಹುದು. ಇವುಗಳಲ್ಲಿ ಒಂದೂ ಆಗಲಿಲ್ಲ.

ಅವರು ಐವತ್ತರ ಆಸುಪಾಸಿನ ಒಂಟಿ ಮನುಷ್ಯ. ತೊಂಬತ್ತರ ದಶಕದಲ್ಲಿ ನೀಲಿ ಹೆಲ್ಮೆಟ್ಟಿನ ಶಾಂತಿಪಡೆಯ ಜೊತೆ ಬಾಸ್ನಿಯಾಕ್ಕೆ ಹೋಗಿ ಟ್ರಕ್ ಓಡಿಸಿದ್ದರು. ಅಲ್ಲಿ ಕಂಡದ್ದನ್ನು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ನಮ್ಮ ಮಲಗುವ ಕೋಣೆಗೂ ಅವರದಕ್ಕೂ ನಡುವೆ ಇದ್ದದ್ದು ಒಂದು ತೆಳು ಗೋಡೆ. ವಾರದಲ್ಲಿ ಮೂರು ನಾಲ್ಕು ಸಲ ನಿದ್ದೆಯಲ್ಲಿ ‘ಸ್ಟಾನ್ನಾ’ ಎಂದು, ಅಂದರೆ ನಿಲ್ಲಿಸು ಎಂದು, ಕೂಗಿಕೊಳ್ಳುತ್ತಿದ್ದರು. ಆಮೇಲೆ ಗೊರಕೆ, ಗೊರಕೆಯ ನಡುವೆ ಇದ್ದಕ್ಕಿದ್ದಂತೆ ಏನೂ ಇಲ್ಲ. ನಾನು ಹಾಸಿಗೆಯಲ್ಲಿ ಎಣಿಸುತ್ತಿದ್ದೆ. ಇಪ್ಪತ್ತು, ಮೂವತ್ತು... ಕೊನೆಗೆ ನೀರಿನಿಂದ ಮೇಲೆದ್ದವರ ಹಾಗೆ ಒಂದು ದೊಡ್ಡ ಎಳೆತ.

“ರೀ, ಅವರ ಉಸಿರು ಅವರು ಎಳ್ಕೋತಾರೆ,” ಎಂದಳು ನನ್ನ ಹೆಂಡತಿ ಒಂದು ಸಲ. “ನೀವ್ಯಾಕೆ ನಿಮ್ದು ಹಿಡ್ಕೊಂಡಿದೀರಾ? ಬಿಡಿ.”

ಮಾಸ್ಕ್ ಕೊಟ್ಟಿದ್ದರೂ ಮುಖಕ್ಕೆ ಏನಾದರೂ ಬಿಗಿದರೆ ಅವರ ಕನಸು ಇನ್ನಷ್ಟು ಕೆಡುತ್ತಿತ್ತು, ನಿದ್ದೆಯಲ್ಲೇ ಕಿತ್ತೆಸೆಯುತ್ತಿದ್ದರು. ಹಗಲಿಡೀ ತೂಕಡಿಕೆ. ಅದರಿಂದಾಗಿ ಟ್ರಕ್ಕಿನ ಲೈಸೆನ್ಸ್ ಹೋಯಿತು, ಹಿಂದೆಯೇ ಕೆಲಸ ಹೋಯಿತು. ಯುದ್ಧಭೂಮಿಯ ಆಘಾತದಿಂದಲೇ ಈ ಕಾಯಿಲೆ ಬಂತೆಂದು ಪರಿಹಾರಕ್ಕೆ ಅರ್ಜಿ ಹಾಕಿದ್ದರು. ಉಸಿರು ನಿಲ್ಲುವುದನ್ನು ಕಚೇರಿ ಒಪ್ಪಿತ್ತು, ಆಘಾತದ ನಂಟನ್ನು ಒಪ್ಪಿರಲಿಲ್ಲ. ದಪ್ಪಗಿದ್ದೀರಿ, ವಯಸ್ಸೂ ಆಯಿತು ಎಂದಿತ್ತು. ಕೂಗು ಮೊದಲು, ಉಸಿರು ಕಟ್ಟುವುದು ಆಮೇಲೆ ಎಂಬುದನ್ನು ಹತ್ತಿರದಿಂದ ಬಲ್ಲವರು ಯಾರಾದರೂ ಬರೆದುಕೊಡಬೇಕಿತ್ತು. ಅವರ ಹೆಂಡತಿ ಎಂದೋ ಬಿಟ್ಟು ಹೋಗಿದ್ದರು. ಉಳಿದವನು ನಾನೇ.

ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಅವರು ಅದನ್ನು ಬರೆದುಕೊಡಲು ಕೇಳಿದರು. ಬೆವರಿನಿಂದಾಗಿ ಅವರು ವಾರಕ್ಕೆರಡು ಸಲ ಹಾಸಿಗೆ ಬಟ್ಟೆ ಒಗೆಯುತ್ತಿದ್ದರು. ಅವತ್ತು ಮಡಚಲು ಒಂದು ತುದಿಯನ್ನು ನಾನು ಹಿಡಿದಿದ್ದೆ.

“ನಿಂಗೆ ಕೇಳ್ಸತ್ತೆ ಅಂತ ನಂಗೆ ಗೊತ್ತು,” ಎಂದರು, ಬಟ್ಟೆಯನ್ನೇ ನೋಡುತ್ತಾ. “ಕೇಳ್ಸಿದ್ದನ್ನ ಬರಿ. ಅಷ್ಟೇ ಸಾಕು.”

ನಾಲ್ಕು ಸಂಜೆ ಕೂತು ಬರೆದೆ. ಕೂಗುತ್ತಾರೆ ಎಂದು ಬರೆದರೆ ಅದು ದೂರಿನ ಹಾಗೆ ಕಂಡು, ಬಾಡಿಗೆ ಕಂಪನಿಯವರು ಮನೆ ಖಾಲಿ ಮಾಡಿಸಿಬಿಟ್ಟರೆ? ಅಲ್ಲದೆ ಒಬ್ಬರ ಬಗ್ಗೆ ಸರ್ಕಾರಿ ಕಚೇರಿಗೆ ಬರೆಯುವುದೆಂದರೆ ನನಗೆ ಗೊತ್ತಿದ್ದದ್ದು ಒಂದೇ ಧಾಟಿ, ಶಾಲೆ ಬಿಡುವಾಗ ಹೆಡ್‌ಮಾಸ್ತರು ಕೊಡುತ್ತಿದ್ದ ನಡತೆಯ ಸರ್ಟಿಫಿಕೇಟಿನದು. ಸಭ್ಯರು, ಶಿಸ್ತಿನವರು, ಬಾಗಿಲ ಮುಂದಿನ ಹಿಮವನ್ನು ಯಾರೂ ಹೇಳದೆ ತೆಗೆಯುವವರು ಎಂದೆಲ್ಲ ಬರೆದೆ. ರಾತ್ರಿ ಕೆಲವೊಮ್ಮೆ ಸದ್ದು ಕೇಳಿಸುವುದುಂಟು ಎಂದೂ ಸೇರಿಸಿದೆ. ಅದು ಒರಟಾಯಿತೆನ್ನಿಸಿ, ಕೊನೆಯಲ್ಲಿ ಇನ್ನೊಂದು ಸಾಲು ಹಾಕಿದೆ. ಅವರು ಓದಲಿಲ್ಲ. ಸಾಕ್ಷಿಯ ಕಾಗದವನ್ನು ತಾವು ಓದುವುದು ಸರಿಯಲ್ಲವೆಂದು ನನ್ನೆದುರೇ ಲಕೋಟೆ ಅಂಟಿಸಿದರು.

ವಸಂತದಲ್ಲಿ ಉತ್ತರ ಬಂತು. ಅವರು ನನ್ನನ್ನು ಫೀಕಾಕ್ಕೆಂದು, ಅಂದರೆ ಕಾಫಿ ತಿಂಡಿಗೆಂದು, ಕರೆದು, ಕಾಫಿ ಬಗ್ಗಿಸಿಕೊಟ್ಟು, ಕಾಗದವನ್ನು ನನ್ನ ಮುಂದಿಟ್ಟರು. ಅರ್ಜಿ ತಿರಸ್ಕೃತವಾಗಿತ್ತು. ಕಾರಣಗಳ ನಡುವೆ ಕಚೇರಿಯವರು ನನ್ನ ಕೊನೆಯ ಸಾಲನ್ನು ಒಂದಕ್ಷರ ಬಿಡದೆ ಎತ್ತಿ ಬರೆದಿದ್ದರು: ‘ಗೋಡೆಯಾಚೆಯಿಂದ ನಮಗೆ ಇದುವರೆಗೆ ಯಾವ ತೊಂದರೆಯೂ ಆಗಿಲ್ಲ.’

ನಾನು ತೊದಲುತ್ತಾ ಏನೇನೋ ಹೇಳಿದೆ. ಮತ್ತೊಮ್ಮೆ ಬರೆಯುತ್ತೇನೆ ಎಂದೆ. ಅವರು ಮುಗಿಯುವವರೆಗೂ ಕೇಳಿದರು.

“ನೀನು ಪಕ್ಕದ ಮನೇಗೆ ಒಳ್ಳೆಯವ್ನು,” ಎಂದರು. “ಸಾಕ್ಷಿಗಲ್ಲ.”

ಆಮೇಲೆ ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆ ಸರಿಸಿದರು. ಬೈದಿದ್ದರೆ ಚೆನ್ನಾಗಿತ್ತು...

ಎರಡನೆಯ ಸಲ ಎಲ್ಲವನ್ನೂ ಬರೆದೆ: ಕೂಗು, ಮೌನ, ನಾನು ಎಣಿಸಿದ್ದು. ಮೇಲ್ಮನವಿಯ ಜೊತೆ ಅದೂ ಹೋಯಿತು. ಮೊದಲ ಹೇಳಿಕೆಗೆ ಇದು ತಾಳೆಯಾಗುವುದಿಲ್ಲ, ಹಾಗಾಗಿ ಪರಿಗಣಿಸಲಾಗದು ಎಂದು ಎರಡೇ ಸಾಲಿನ ಉತ್ತರ ಬಂತು. ಇನ್ನು ಸಾಕು ಎಂದು ಅವರು ಅಲ್ಲಿಗೇ ಬಿಟ್ಟರು. ಬೇಸಿಗೆ ಕಳೆಯುವುದರೊಳಗೆ ಮನೆ ಖಾಲಿ ಮಾಡಿ, ದೂರದ ಉತ್ತರದ ಉಮೆಯೊ ಹತ್ತಿರ ತಂಗಿಯ ಮನೆಯ ಹಿತ್ತಲ ಕೋಣೆಗೆ ಹೋದರು. ಯಾವ ಕಂಪನಿಯೂ ಖಾಲಿ ಮಾಡಿಸಬೇಕಾಗಲಿಲ್ಲ. ಬಾಡಿಗೆ ಕಟ್ಟಲು ಆಗುತ್ತಿರಲಿಲ್ಲ, ಅಷ್ಟೇ.

ಪ್ರತಿ ಕ್ರಿಸ್‌ಮಸ್‌ಗೆ ಒಂದು ಕಾರ್ಡ್ ಬರುತ್ತಿತ್ತು. ನಾಲ್ಕನೆಯ ವರ್ಷದ ಕಾರ್ಡಿನಲ್ಲಿ ಕೈಬರಹ ಬೇರೆ ಇತ್ತು. ಅಣ್ಣ ಶರತ್ಕಾಲದಲ್ಲಿ ತೀರಿಕೊಂಡ, ನಿದ್ದೆಯಲ್ಲೇ ನೆಮ್ಮದಿಯಾಗಿ ಹೋದ ಎಂದು ತಂಗಿ ಬರೆದಿದ್ದರು.

ಹಿತ್ತಲ ಕೋಣೆಯಲ್ಲಿ ಅವರು ಒಬ್ಬರೇ ಮಲಗುತ್ತಿದ್ದದ್ದು. ನೆಮ್ಮದಿಯಾಗಿ ಎಂಬುದು ಯಾರಿಗೆ ಹೇಗೆ ಗೊತ್ತಾಯಿತು ಎಂದು ಕೇಳಿ ಬರೆಯಬೇಕೆಂದುಕೊಂಡೇ ಇಷ್ಟು ವರ್ಷ ಕಳೆದೆ. ಈಗ ತಂಗಿಯೂ ಇಲ್ಲ. ಮೊನ್ನೆ ಮತ್ತೆ ಆ ಮಾತೆತ್ತಿದಾಗ ಹೆಂಡತಿ, ಬರೆದಿದ್ದಾರಲ್ಲ, ನಂಬಬಾರದೇ ಎಂದಳು. ನಂಬಲು ನೋಡುತ್ತೇನೆ... ಆದರೆ ಅಂಥ ಸಾಲನ್ನು ಎಂಥವರು, ಯಾಕೆ ಬರೆಯುತ್ತಾರೆಂಬುದು ನನಗೆ ಚೆನ್ನಾಗಿ ಗೊತ್ತು.