ಟ್ರೇಲರ್ ಕೇಳುವ ಭೋಜಣ್ಣ

ಬೆಳ್ಮಣ್ಣಿನ ಭೋಜ ದೇವಾಡಿಗರು ಸಿನಿಮಾದ ಟ್ರೇಲರನ್ನು ಮೊದಲು ನೋಡುವುದಿಲ್ಲ, ಕೇಳುತ್ತಾರೆ. ಮೊಬೈಲನ್ನು ಮೇಜಿನ ಮೇಲೆ ಮಗುಚಿಟ್ಟು, ಕಣ್ಣು ಮುಚ್ಚಿ, ಎರಡೂವರೆ ನಿಮಿಷವನ್ನೂ ಕಿವಿಯಲ್ಲೇ ಮುಗಿಸಿ, ಆಮೇಲೆ ಚಿತ್ರ ನೋಡುತ್ತಾರೆ. ಈ ಮರ್ಯಾದೆ ಎಲ್ಲ ನಟರಿಗೂ ಇಲ್ಲ, ರುದ್ರಾಂಶ್ ಒಬ್ಬನಿಗೆ ಮಾತ್ರ. ಮುಖಕ್ಕೆ ಎಷ್ಟು ಬೇಕಾದರೂ ಬಣ್ಣ ಬಳಿಯಬಹುದು, ಉಸಿರಿಗೆ ಬಳಿಯುವುದು ಹೇಗೆ ಎಂದು ಅವರು ಕೇಳುತ್ತಾರೆ.

ಉಸಿರಿನ ವಿಷಯದಲ್ಲಿ ಭೋಜಣ್ಣನ ಮಾತನ್ನು ತೆಗೆದುಹಾಕುವ ಹಾಗೂ ಇಲ್ಲ. ಮೂವತ್ತು ವರ್ಷಗಳಿಂದ ಕಾರ್ಕಳ, ಉಡುಪಿ, ಕಾಪು ಎಂದು ತಿರುಗಿ ದೇವಸ್ಥಾನಗಳಲ್ಲಿ, ಮದುವೆ ಹಾಲ್‌ಗಳಲ್ಲಿ ಸ್ಯಾಕ್ಸೋಫೋನ್ ಊದಿದವರು ಅವರು. ಅಪ್ಪ ನಾಗಸ್ವರ ಊದುತ್ತಿದ್ದರು. ಮಗ ಆ ಹಿತ್ತಾಳೆಯ ವಾದ್ಯ ಕೈಗೆತ್ತಿಕೊಂಡಾಗ ಅಪ್ಪ ಮೂರು ದಿನ ಮಾತು ಬಿಟ್ಟಿದ್ದರಂತೆ. ನಾಲ್ಕನೆಯ ದಿನ ಮೋಹನ ರಾಗ ಕೇಳಿ, "ಶಬ್ದ ಪರವಾಗಿಲ್ಲ, ನೋಡಲಿಕ್ಕೆ ಮಾತ್ರ ಹುಕ್ಕದ ಹಾಗೆ ಉಂಟು" ಅಂದರಂತೆ.

ರುದ್ರಾಂಶನನ್ನು ಭೋಜಣ್ಣ ಮೊದಲು ಕಂಡದ್ದು ಉಡುಪಿಯ ಒಂದು ಟಾಕೀಸಿನಲ್ಲಿ, ತಮ್ಮ ಇಪ್ಪತ್ತಾರನೆಯ ವಯಸ್ಸಿನಲ್ಲಿ. ವಕೀಲನ ಪಾತ್ರ. ಕೋರ್ಟಿನಲ್ಲಿ ಎದ್ದು ನಿಂತ ನಟ ಒಂದು ಉದ್ದದ ಮಾತನ್ನು ಎಲ್ಲಿಯೂ ಕಡಿಯದೆ ಒಂದೇ ಉಸಿರಿನಲ್ಲಿ ಹೇಳಿದ. ಟಾಕೀಸಿನಲ್ಲಿ ಶಿಳ್ಳೆಯೋ ಶಿಳ್ಳೆ. ಭೋಜಣ್ಣ ಮಾತ್ರ ಶಿಳ್ಳೆ ಹೊಡೆಯಲಿಲ್ಲ. ನಟನ ಜೊತೆಗೆ ತಾನೂ ಉಸಿರು ಹಿಡಿದು ಕೂತವರು ಅರ್ಧದಲ್ಲೇ ಸೋತು ಕೆಮ್ಮತೊಡಗಿದ್ದರು. ಮರುದಿನ ಕೈಗಡಿಯಾರ ಕಟ್ಟಿಕೊಂಡು ಮತ್ತೆ ಹೋದರು. ಹತ್ತೊಂಬತ್ತು ಸೆಕೆಂಡು! ಆ ವಾರ ಏಳು ಸಲ ಹೋದರು, ಏಳು ಸಲವೂ ಹತ್ತೊಂಬತ್ತೇ. ಸಿನಿಮಾದಲ್ಲಿ ಅದು ಬದಲಾಗುವುದಾದರೂ ಹೇಗೆ ಎಂದು ಹೆಂಡತಿ ಸ್ವರ್ಣಲತಾ ಇಂದಿಗೂ ಕೇಳುತ್ತಾರೆ.

ಅಲ್ಲಿಂದ ಶುರುವಾದ ಬೆರಗು ಇಳಿಯಲೇ ಇಲ್ಲ. ದೋಣಿಯವನ ಪಾತ್ರದಲ್ಲಿ ರುದ್ರಾಂಶ್ ನೀರಿನಿಂದ ಮೇಲೆದ್ದು ಏದುಸಿರಿನ ನಡುವೆ ತಾಯಿಯನ್ನು ಕರೆದಾಗ ಭೋಜಣ್ಣ ಗಳಗಳನೆ ಅತ್ತರು. ಒಮ್ಮೆ ಕಾಪುವಿನ ದೀಪಸ್ತಂಭದ ಬಳಿ ಹಾಡಿನ ಶೂಟಿಂಗಿಗೆ ಅವನು ಬಂದಾಗ ಬಿಸಿಲಿನಲ್ಲಿ ಐದು ಗಂಟೆ ನಿಂತರು. ಅಷ್ಟು ಹೊತ್ತಿನಲ್ಲಿ ಅವನು ಆಡಿದ್ದು, ಇವರಿಗೆ ಕೇಳಿಸಿದ್ದು, "ಸ್ವಲ್ಪ ನೀರು ಕೊಡಿ" ಎಂಬ ಒಂದೇ ಮಾತು. ಆ ಮೂರು ಶಬ್ದಗಳನ್ನು ಅವನು ಯಾವ ಶ್ರುತಿಯಲ್ಲಿ ಹೇಳಿದ ಎಂಬುದನ್ನು ಭೋಜಣ್ಣ ಇವತ್ತೂ ಸ್ಯಾಕ್ಸೋಫೋನಿನಲ್ಲಿ ಊದಿ ತೋರಿಸುತ್ತಾರೆ.

ಈ ಹುಚ್ಚಿಗೆ ತುಪ್ಪ ಸುರಿದವನು ಸೋದರಳಿಯ ಶ್ರವಣ್. ನಿಟ್ಟೆಯಲ್ಲಿ ಅವನದೊಂದು ಮೊಬೈಲ್ ರಿಪೇರಿ ಅಂಗಡಿ. ಜೊತೆಗೆ ಕಾರ್ಕಳದ ರುದ್ರಾಂಶ್ ಅಭಿಮಾನಿ ಬಳಗದ ಅಧ್ಯಕ್ಷಗಿರಿ. ಮಾವ ಕಣ್ಣು ಮುಚ್ಚಿ ಟ್ರೇಲರ್ ಕೇಳುವುದನ್ನು ಅವನು ಒಮ್ಮೆ ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕಿದ್ದೇ ಹಾಕಿದ್ದು, ಭೋಜ ಮಾವನ ರಿಯಾಕ್ಷನ್ ಎಂದರೆ ಕಾಲೇಜು ಹುಡುಗರೆಲ್ಲ ಕಾಯುವಂತಾಯಿತು. ಅವರ ಹುಬ್ಬು ಏರುವುದು, ತುಟಿ ನಡುಗುವುದು, ಕೊನೆಗೆ "ಅಯ್ಯೋ ದೇವರೇ, ಎಂಥ ಮನುಷ್ಯ ಮಾರಾಯ ಇವನು!" ಎಂದು ಎರಡೂ ಕೈಯಲ್ಲಿ ತಲೆ ಹಿಡಿದುಕೊಳ್ಳುವುದು, ಎಲ್ಲವೂ ಜನರಿಗೆ ಬಾಯಿಪಾಠ.

ಈಗ ಒಂದು ಗುಟ್ಟು ಹೇಳಲೇಬೇಕು. ಮೂರು ವರ್ಷಗಳ ಹಿಂದೆ ಭೋಜಣ್ಣನಿಗೆ ನ್ಯುಮೋನಿಯಾ ಆಗಿ ಮಣಿಪಾಲದ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ದಿನ ಮಲಗಿದ್ದರು. ಜೀವ ಉಳಿಯಿತು, ಉಸಿರು ಅರ್ಧಕ್ಕೆ ಇಳಿಯಿತು. ವಾರ್ಡಿನಲ್ಲಿ ಮಲಗಿಕೊಂಡೇ ವಕೀಲನ ಆ ಹತ್ತೊಂಬತ್ತು ಸೆಕೆಂಡಿನ ಮಾತನ್ನು ಹಾಕಿಕೊಂಡು ಅದರ ಜೊತೆ ಉಸಿರು ಹಿಡಿಯುವ ಅಭ್ಯಾಸ ಮಾಡಿದರು. ಮೊದಲ ದಿನ ಮೂರು ಸೆಕೆಂಡು, ಆಸ್ಪತ್ರೆಯಿಂದ ಮನೆಗೆ ಬಿಟ್ಟ ದಿನ ಏಳು. ಆಮೇಲೆ ಎಷ್ಟು ತಿಣುಕಿದರೂ ಅದು ಒಂಬತ್ತನ್ನು ದಾಟಲಿಲ್ಲ.

ಹಾಗಾದರೆ ಅವರು ಊದುವುದಾದರೂ ಹೇಗೆ? ಅಲ್ಲಿಯೇ ಇರುವುದು ಉಪಾಯ. ಈ ಕಡೆಯ ವಾದ್ಯದ ಸೆಟ್‌ಗಳಲ್ಲಿ ಸ್ಯಾಕ್ಸೋಫೋನಿನವರು ಇಬ್ಬರು ಜೋಡಿಯಾಗಿ ನಿಲ್ಲುತ್ತಾರೆ. ಒಬ್ಬ ಉಸಿರು ಎಳೆದುಕೊಳ್ಳುವಾಗ ಇನ್ನೊಬ್ಬ ಸ್ವರ ಬೀಳದಂತೆ ಹಿಡಿಯಬೇಕು. ಕೇಳುವವರಿಗೆ ಎಲ್ಲವೂ ಒಂದೇ ಎಳೆ. ಭೋಜಣ್ಣನ ಜೋಡಿ ನಂದಿಕೂರಿನ ಶೀನ, ಅವರಿಗಿಂತ ಹತ್ತು ವರ್ಷ ಚಿಕ್ಕವನು, ಬಾಯಿ ಬಿಟ್ಟರೆ ನಾಲ್ಕು ಮಾತು ಆಡುವವನಲ್ಲ. ಕಾಯಿಲೆಯ ನಂತರದ ಮೊದಲ ಮದುವೆಯಲ್ಲಿ ರಾಗದ ಒಂದು ಉದ್ದದ ಸಂಚಾರದ ನಡುವೆ ಭೋಜಣ್ಣನ ಉಸಿರು ಕೈಕೊಟ್ಟಿತು. ಶೀನ ಹಿಡಿದುಕೊಂಡ. ಭೋಜಣ್ಣ ವಾದ್ಯದಿಂದ ಬಾಯಿ ತೆಗೆಯದೆ ಸುಮ್ಮನೆ ಬೆರಳು ಆಡಿಸುತ್ತ ನಿಂತರು. ಯಾರಿಗೂ ತಿಳಿಯಲಿಲ್ಲ. ಅಂದಿನಿಂದ ಅದೇ ಅಭ್ಯಾಸವಾಯಿತು. ಉದ್ದದ್ದೆಲ್ಲ ಶೀನ ಊದುವುದು, ಭೋಜಣ್ಣ ಬೆರಳು ಆಡಿಸುವುದು, ಶಾಲು ಹೊದಿಸಿಕೊಳ್ಳುವುದು. ಅದರ ಬಗ್ಗೆ ಅವರಿಬ್ಬರೂ ಒಂದು ದಿನವೂ ಮಾತಾಡಿರಲಿಲ್ಲ.

ರುದ್ರಾಂಶನ ಹೊಸ ಸಿನಿಮಾದ ಟ್ರೇಲರ್ ಬಂದದ್ದು ಕಾಪುವಿನ ಒಂದು ಮದುವೆಯ ದಿನ. ಎರಡು ವರ್ಷಗಳಿಂದ ಅವನ ಸಿನಿಮಾ ಇರಲಿಲ್ಲ. ಧಾರೆ ಮುಗಿದು ಊಟದ ಹೊತ್ತಾಗಿತ್ತು. ಹಾಲ್‌ನ ಹಿಂದಿನ ಕೋಣೆಯಲ್ಲಿ ಶ್ರವಣ್ ಮೊಬೈಲ್ ಹಿಡಿದು ಕಾಯುತ್ತಿದ್ದ. ಭೋಜಣ್ಣ ತಮ್ಮದನ್ನು ಮಗುಚಿಟ್ಟು ಕಣ್ಣು ಮುಚ್ಚಿದರು. ಗುಡುಗು, ಕುದುರೆ, ಕತ್ತಿ, ಆಮೇಲೆ ಆ ಕಂಠ. ಮಾತು ಶುರುವಾಯಿತು, ನಿಲ್ಲಲೇ ಇಲ್ಲ. ಶ್ರವಣ್ ಬೆರಳು ಮಡಚಿ ಎಣಿಸುತ್ತಿದ್ದ. ಇಪ್ಪತ್ತಾರು ಸೆಕೆಂಡು! ಮಾವ ಈಗ ತಲೆ ಹಿಡಿದುಕೊಳ್ಳುತ್ತಾರೆ ಎಂದು ಮೊಬೈಲನ್ನು ಹತ್ತಿರ ತಂದ.

ಭೋಜಣ್ಣ ಕಣ್ಣು ಬಿಟ್ಟರು. "ಇದು ಅವನಲ್ಲ" ಅಂದರು.

"ಎಂತ ಮಾವ?"

"ಸ್ವರ ಅವನದ್ದೇ. ಊದಿದ್ದು ಅವನಲ್ಲ. ಅಷ್ಟು ಉದ್ದ ಹೇಳುವವನು ಮೊದಲು ಹೊಟ್ಟೆ ತುಂಬ ಉಸಿರು ಎಳೆಯಬೇಕಲ್ವಾ? ಇಲ್ಲಿ ಎಳೆದದ್ದೇ ಇಲ್ಲ."

"ಅದು ಎಡಿಟಿಂಗ್‌ನಲ್ಲಿ ಕಟ್ ಮಾಡಿರುತ್ತಾರೆ."

"ಮಾಡಲಿ. ಕೊನೆಗೆ ಬರುವಾಗ ಶಬ್ದ ಸ್ವಲ್ಪವಾದರೂ ಸೊರಗಬೇಕು ಮಾರಾಯ. ಮೊದಲನೆಯ ಅಕ್ಷರ ಎಷ್ಟು ತುಂಬಿ ಉಂಟೋ ಕೊನೆಯದ್ದೂ ಅಷ್ಟೇ ಉಂಟು. ಶ್ವಾಸಕೋಶ ಇರುವ ಮನುಷ್ಯನಿಗೆ ಅದು ಸಾಧ್ಯ ಇಲ್ಲ."

ಶ್ರವಣನ ಮುಖ ಸಪ್ಪಗಾಯಿತು. ಆ ವಿಡಿಯೋವನ್ನು ಅವನು ಯೂಟ್ಯೂಬಿಗೆ ಹಾಕಲಿಲ್ಲ. ಅವನಿಗೆ ಅದಕ್ಕಿಂತ ದೊಡ್ಡ ತಲೆಬಿಸಿ ಇತ್ತು. ಸಿನಿಮಾ ಬಿಡುಗಡೆಯ ದಿನ ಕಾರ್ಕಳದ ಟಾಕೀಸಿನ ಎದುರು ಮಾವನ ಸ್ಯಾಕ್ಸೋಫೋನ್ ಎಂದು ಬಳಗದವರು ಆಗಲೇ ಊರೆಲ್ಲ ಹೇಳಿಯಾಗಿತ್ತು. ಈಗ ಮಾವ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು: "ಸುಳ್ಳು ಉಸಿರಿಗೆ ನಾನು ಊದುವುದಿಲ್ಲ."

ಶ್ರವಣ್ ಹೊರಗೆ ಹೋದ. ಮೂಲೆಯಲ್ಲಿ ಕೂತು ಮೌತ್‌ಪೀಸ್ ಒರೆಸುತ್ತಿದ್ದ ಶೀನ ತಲೆ ಎತ್ತದೆಯೇ ಮಾತು ತೆಗೆದ.

"ಭೋಜಣ್ಣ, ಒಂದು ಕೇಳಲಾ?"

"ಕೇಳು."

"ಅವನು ಮಾಡಿದ್ದು ಸುಳ್ಳು ಅಂತಾದರೆ ನಾವು ಮಾಡುವುದು ಎಂತ?"

ಕೇಳಿದ್ದರಲ್ಲಿ ಕೋಪ ಇರಲಿಲ್ಲ. ಅದೇ ಭೋಜಣ್ಣನಿಗೆ ಹೆಚ್ಚು ತಾಗಿತು. ಅಷ್ಟರಲ್ಲಿ ಮದುಮಗಳ ತಂದೆ ಒಳಗೆ ಬಂದು, "ಭೋಜಣ್ಣ, ಧಾರೆಯ ಹೊತ್ತಿಗೆ ಎಂಥ ಊದಿದಿರಿ! ಈ ವಯಸ್ಸಿನಲ್ಲಿಯೂ ಎಂಥ ದಮ್ಮು!" ಎಂದು ಅವರ ಕೈ ಹಿಡಿದು ಕುಲುಕಿದರು. ಶೀನ ನೀರಿನ ಬಾಟಲಿ ಎತ್ತಿಕೊಂಡು ಬಾಗಿಲಿನ ಕಡೆ ಸರಿದ. ಭೋಜಣ್ಣ ಆ ದಿನದ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದರು.

ಆಮೇಲಿನ ಎರಡು ವಾರ ಅವರು ಮನೆಯಲ್ಲಿ ಸಿಡಿಸಿಡಿ ಎನ್ನುತ್ತ ತಿರುಗಿದರು. ಮೂವತ್ತು ವರ್ಷ ನಂಬಿದ ಮನುಷ್ಯ ಸುಳ್ಳಾದನೇ ಎಂಬ ಸಂಕಟ ಒಂದು. ತಾನು ಯಾವ ಮುಖ ಇಟ್ಟುಕೊಂಡು ಅವನನ್ನು ಸುಳ್ಳ ಎನ್ನುವುದು ಎಂಬ ಸಂಕಟ ಇನ್ನೊಂದು. ಎರಡನೆಯದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಹೇಳಿದರೆ ಮೂವತ್ತು ವರ್ಷದ ಹೆಸರು ಒಂದೇ ದಿನಕ್ಕೆ ಹೋಗುತ್ತದೆ. ಹೆಸರು ಹೋದ ಮೇಲೆ ಭೋಜ ಎಂದರೆ ಯಾರು?

ಬಿಡುಗಡೆಯ ದಿನ ಬೆಳಿಗ್ಗೆ ಸ್ವರ್ಣಲತಾ ಸೀರೆ ಉಟ್ಟು ಹೊರಟು ನಿಂತರು. "ನೀವು ಊದುವುದು ಬೇಡ. ನೋಡಲಿಕ್ಕಾದರೂ ಬನ್ನಿ. ಮೂವತ್ತು ವರ್ಷದಲ್ಲಿ ಒಂದು ಫಸ್ಟ್ ಶೋ ಬಿಟ್ಟವರಲ್ಲ, ಈಗ ಅವನ ಮೇಲೆ ಎಂತ ಮುನಿಸು? ಆ ಪೆಟ್ಟಿಗೆಯನ್ನೂ ಹಿಡಿದುಕೊಳ್ಳಿ, ಶೀನ ಅಲ್ಲಿಗೆ ಬರುತ್ತಾನಂತೆ" ಅಂದರು. ಭೋಜಣ್ಣ ಗೊಣಗುತ್ತಲೇ ಸ್ಯಾಕ್ಸೋಫೋನಿನ ಪೆಟ್ಟಿಗೆ ಎತ್ತಿಕೊಂಡು ಕಾರ್ಕಳದ ಬಸ್ಸು ಹತ್ತಿದರು.

ಟಾಕೀಸು ತುಂಬಿತ್ತು. ಎರಡು ಗಂಟೆ ರುದ್ರಾಂಶ್ ಗುಡುಗಿದ, ಜನ ಕುಣಿದರು. ಭೋಜಣ್ಣ ಮಾತ್ರ ಕಲ್ಲಿನ ಹಾಗೆ ಕೂತಿದ್ದರು. ಆ ಕಂಠದಲ್ಲಿ ಒಂದು ಕಡೆಯೂ ಉಸಿರಿಲ್ಲ. ಕೊನೆಯ ದೃಶ್ಯ ಬಂತು. ಯುದ್ಧ ಸೋತ ಮುದಿ ಅರಸ ಮಗಳ ಎದುರು ಕೂತಿದ್ದಾನೆ. ಹಿನ್ನೆಲೆಯಲ್ಲಿ ಸಂಗೀತವಿಲ್ಲ. ಅರಸ ಬಾಯಿ ತೆರೆದ.

ಒಡೆದ ಸ್ವರ. ಎರಡು ಶಬ್ದ ಆಡಿದ, ನಿಂತ, ಉಸಿರು ಎಳೆದ. ಟಾಕೀಸಿನ ಕೊನೆಯ ಸಾಲಿಗೂ ಆ ಎಳೆತ ಕೇಳಿತು. ಮತ್ತೆ ಮೂರು ಶಬ್ದ, ಮತ್ತೆ ಎಳೆತ. "ನನ್ನ ಕೈಲಿ... ಆಗಲಿಲ್ಲ... ಮಗಳೇ" ಎನ್ನಲಿಕ್ಕೆ ಅವನಿಗೆ ಮೂರು ಉಸಿರು ಬೇಕಾಯಿತು. ಒಬ್ಬರೂ ಶಿಳ್ಳೆ ಹೊಡೆಯಲಿಲ್ಲ. ಭೋಜಣ್ಣ ಹೆಂಡತಿಯ ಮುಂಗೈಯನ್ನು ಗಟ್ಟಿಯಾಗಿ ಹಿಡಿದಿದ್ದರು. "ಇವನೇ. ಇವನೇ ಅವನು" ಎಂದು ಪಿಸುಗುಟ್ಟಿದರು. ಅವರ ಗಲ್ಲ ಒದ್ದೆಯಾಗಿತ್ತು.

ಪರದೆ ಕಪ್ಪಾಗಿ ಅಕ್ಷರ ಮೂಡಿತು. ನಾಯಕನ ಗಂಟಲಿಗೆ ಶಸ್ತ್ರಚಿಕಿತ್ಸೆ ಆದುದರಿಂದ ಚಿತ್ರದ ಮಾತುಗಳನ್ನು ಅವರ ಹಳೆಯ ಧ್ವನಿಮುದ್ರಣಗಳಿಂದ ಕಂಪ್ಯೂಟರಿನಲ್ಲಿ ರೂಪಿಸಲಾಗಿದೆ, ಕೊನೆಯ ದೃಶ್ಯದ ಧ್ವನಿ ಮಾತ್ರ ಅವರ ಈಗಿನದು, ಇದನ್ನು ತಿಳಿಸಬೇಕೆಂಬುದು ಅವರದೇ ಒತ್ತಾಯ, ಎಂದು ಬರೆದಿತ್ತು. ಮುಂದಿನ ಸಾಲಿನಿಂದ ಶ್ರವಣ್ ತಿರುಗಿ ಮಾವನನ್ನು ನೋಡಿದ.

ಎಂಥ ಧೈರ್ಯ! ಭೋಜಣ್ಣ ಮೆಟ್ಟಿಲು ಇಳಿಯುವಾಗಲೂ ಅದನ್ನೇ ಯೋಚಿಸುತ್ತಿದ್ದರು. ಹತ್ತೊಂಬತ್ತು ಸೆಕೆಂಡು ಹಿಡಿದದ್ದು ದೊಡ್ಡದೇ. ಆದರೆ ಕೋಟಿ ಜನರ ಎದುರು ತನ್ನ ಹರಿದ ಉಸಿರನ್ನು ಬಿಚ್ಚಿಟ್ಟು, ಉಳಿದದ್ದು ನನ್ನದಲ್ಲ ಎಂದು ತಾನೇ ಬರೆಸುವುದಕ್ಕೆ ಎಂಥ ಎದೆ ಬೇಕು! ಮನುಷ್ಯ ಇಷ್ಟು ಎತ್ತರಕ್ಕೂ ಹೋಗಬಹುದೇ!

ಹೊರಗೆ ಅಂಗಳದಲ್ಲಿ ಶೀನ, ಡೋಲಿನವರು ಸಿದ್ಧವಾಗಿ ನಿಂತಿದ್ದರು. ಜನ ಸುತ್ತ ಸೇರಿತು. ಭೋಜಣ್ಣ ಪೆಟ್ಟಿಗೆ ತೆರೆದು ಸ್ಯಾಕ್ಸೋಫೋನನ್ನು ಕೊರಳಿಗೆ ಹಾಕಿಕೊಂಡಾಗ ಶ್ರವಣ್ ಚಪ್ಪಾಳೆ ತಟ್ಟಿದ. ಶೀನ ಎಂದಿನಂತೆ ಪಕ್ಕಕ್ಕೆ ಬಂದು ತುಟಿಗಿಟ್ಟ.

"ನೀನು ಸ್ವಲ್ಪ ನಿಲ್ಲು" ಅಂದರು ಭೋಜಣ್ಣ.

ಮೋಹನದ ಆ ಉದ್ದದ ಸಂಚಾರವನ್ನು ಒಬ್ಬರೇ ಎತ್ತಿದರು. ಎಂಟು ಸೆಕೆಂಡಿಗೆ ಸ್ವರ ನಡುಗಿ ಕಡಿಯಿತು. ಗೊರಗೊರ ಎಂದು ಉಸಿರು ಎಳೆದುಕೊಂಡು ಮುಂದುವರಿಸಿದರು. ಮತ್ತೆ ಕಡಿಯಿತು. ಶೀನನ ಸ್ಯಾಕ್ಸೋಫೋನ್ ತಾನಾಗಿ ಮೇಲೆದ್ದಿತು, ಅವನು ಅದನ್ನು ಕಷ್ಟಪಟ್ಟು ಕೆಳಗಿಳಿಸಿದ. ಜನ ಮುಖ ಮುಖ ನೋಡಿಕೊಂಡರು. ಹಿಂದೆ ಯಾರೋ, "ಇವರಿಗೆ ಎಂತ ಆಯಿತು?" ಅಂದದ್ದು ಸ್ಪಷ್ಟವಾಗಿ ಕೇಳಿತು.

ಸಂಚಾರ ಮುಗಿಸಿಯೇ ಭೋಜಣ್ಣ ವಾದ್ಯ ಇಳಿಸಿದರು. ಏದುಸಿರು ತಹಬಂದಿಗೆ ಬರುವವರೆಗೆ ಕಾದರು.

"ನನ್ನ ಉಸಿರು ಇರುವುದು ಇಷ್ಟೇ" ಅಂದರು. "ಮೂರು ವರ್ಷದಿಂದ ಇಷ್ಟೇ. ನೀವು ಮದುವೆಗಳಲ್ಲಿ ಕೇಳಿದ ಉದ್ದದ್ದೆಲ್ಲ ಇವನದ್ದು, ಈ ಶೀನನದ್ದು. ನಾನು ಬೆರಳು ಆಡಿಸುತ್ತಿದ್ದೆ. ಶಾಲು ನೀವು ನನಗೆ ಹೊದಿಸಿದಿರಿ, ನಾನು ಹೊದ್ದುಕೊಂಡೆ. ತಪ್ಪಾಯಿತು."

ಶ್ರವಣನ ಕೈಯಲ್ಲಿದ್ದ ಮೊಬೈಲ್ ಕೆಳಗಿಳಿಯಿತು. ಸ್ವರ್ಣಲತಾ ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ನಿಂತಿದ್ದರು. ಶೀನನಿಗಂತೂ ಎಲ್ಲಿ ನೋಡಬೇಕು ಎಂದೇ ತಿಳಿಯಲಿಲ್ಲ. "ಇದನ್ನೆಲ್ಲ ಈಗ ಯಾಕೆ ಭೋಜಣ್ಣ?" ಎಂದು ನೆಲ ನೋಡಿಕೊಂಡೇ ಕೇಳಿದ.

"ಊದು ಮಾರಾಯ" ಎಂದು ಭೋಜಣ್ಣ ಅವನ ಬೆನ್ನಿಗೆ ಕೈ ಇಟ್ಟು ಮುಂದಕ್ಕೆ ತಳ್ಳಿ, ತಾವು ಜನರ ನಡುವೆ ಹೋಗಿ ನಿಂತರು.

ಶೀನ ಉಸಿರು ತುಂಬಿಕೊಂಡ. ಅದೇ ಮೋಹನವನ್ನು ಎತ್ತಿದ. ಸ್ವರ ಟಾಕೀಸಿನ ಅಂಗಳ ತುಂಬಿ, ರಸ್ತೆ ದಾಟಿ, ಎದುರಿನ ಅಂಗಡಿಯವರನ್ನೂ ಹೊರಗೆ ಎಳೆದು ತಂದಿತು, ಎಲ್ಲಿಯೂ ಕಡಿಯಲಿಲ್ಲ. ಭೋಜಣ್ಣನ ಮೈಮೇಲೆ ಮುಳ್ಳೆದ್ದಿತು. ಮೂರು ವರ್ಷ ಆ ಸ್ವರದ ಪಕ್ಕದಲ್ಲೇ ನಿಂತಿದ್ದರೂ ಅವರು ಅದನ್ನು ಕೇಳಿದ್ದು ಇವತ್ತೇ.