ಆಯುಧ ಪೂಜೆ ದಿನ ನೋಡಿದ ಮನೆ

ಆಗ ನನಗೆ ಐವತ್ತೆಂಟು. ಅದಾಗಿ ಹದಿನೆಂಟು ವರ್ಷ ಆಯ್ತು. ಈ ವಯಸ್ಸಲ್ಲಿ ಮನೆ ಯಾಕೆ ಅಂತ ಕೇಳಿದವರೇ ಎಲ್ಲ. ಕೇಳಿದವರಲ್ಲಿ ಒಬ್ಬರೂ ಬಂದು ನಮ್ಮ ಮನೇಲಿರು ಅಂದವರಲ್ಲ. ಅಂದವನು ಒಬ್ಬನೇ, ನನ್ನ ತಮ್ಮ. ಅವನು ಯಾಕೆ ಅಂದ ಅನ್ನೋದನ್ನ ಹೇಳ್ತೀನಿ.

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ಶೆಡ್ಡಲ್ಲಿ ಇಪ್ಪತ್ತಾರು ವರ್ಷ ಪವರ್ ಪ್ರೆಸ್ಸಿನ ಮುಂದೆ ನಿಂತವಳು ನಾನು. ತಗಡು ಇಡೋದು, ಪೆಡಲ್ ತುಳಿಯೋದು, ವಾಷರ್ ಕೆಳಗೆ ಬೀಳೋದು. ಅಷ್ಟೇ ಕೆಲಸ. ಕೊನೆಗೆ ಓನರು ಶೆಡ್ಡನ್ನ ಅಪಾರ್ಟ್‌ಮೆಂಟ್ ಕಟ್ಟೋರಿಗೆ ಮಾರಿಕೊಂಡು, ನಮಗೆ ಬರಬೇಕಾದ್ದನ್ನ ಕೊಟ್ಟು, ಜೊತೆಗೆ ಒಂದೊಂದು ಸ್ವೀಟ್ ಬಾಕ್ಸ್ ಕೈಗಿಟ್ಟ. ಸ್ವೀಟು ಹಳಸಿತ್ತು. ಗಂಡ ಹೋಗಿ ಬಹಳ ವರ್ಷ ಆಗಿತ್ತು, ಮಕ್ಕಳಿರಲಿಲ್ಲ. ವಠಾರದಲ್ಲಿ ಒಂದೇ ರೂಮು, ನೀರು ಹಿಡಿಯೋಕೂ ಸರದಿ. ಬಂದ ದುಡ್ಡಿಗೆ ನನ್ನದು ಅಂತ ಒಂದು ಬಾಗಿಲು ಇರಬೇಕು, ಒಳಗಿನಿಂದ ಚಿಲಕ ಹಾಕ್ಕೊಳ್ಳೋ ಹಂಗಿರಬೇಕು ಅಂತ ಕೂತೆ.

ತಮ್ಮ ಇದ್ದದ್ದು ಚಂದ್ರಾ ಲೇಔಟಲ್ಲಿ, ಸ್ವಂತ ಮನೆ, ಮೇಲೆ ಖಾಲಿ ತಾರಸಿ. ನನ್ನ ದುಡ್ಡಲ್ಲಿ ಅದರ ಮೇಲೊಂದು ರೂಮು ಕಟ್ಟಿಸೋದು, ನಾನು ಸಾಯೋವರೆಗೂ ಅಲ್ಲಿರೋದು, ಸತ್ತ ಮೇಲೆ ಅವನು ಬಾಡಿಗೆಗೆ ಕೊಡೋದು. ಇದಕ್ಕೆ ಅವನು ಇಟ್ಟ ಹೆಸರು 'ಅಕ್ಕನ್ನ ನೋಡ್ಕೊಳ್ಳೋದು' ಅಂತ. ಅವನ ಹೆಂಡತಿ ಆಗಲೇ ಮೆಟ್ಟಿಲ ಕೆಳಗೆ ನನ್ನ ಚಪ್ಪಲಿಗೆ ಜಾಗ ತೋರಿಸಿದ್ದಳು. ನಾನು ಬೇರೆ ಮನೆ ನೋಡ್ತೀನಿ ಅಂದಾಗ ಅವನೂ ಹಿಂದೇನೇ ಬರ್ತಿದ್ದ, ಹುಳುಕು ಹುಡುಕೋಕೆ. ಒಂದು ಕಡೆ ವಾಸ್ತು ಸರಿಯಿಲ್ಲ, ಇನ್ನೊಂದು ಕಡೆ ಮೋರಿ, ಮತ್ತೊಂದು ಕಡೆ ಎದುರು ಮನೆಯವರ ಮುಖ ಸರಿಯಿಲ್ಲ.

ನಾಯಂಡಹಳ್ಳಿಯ ಆ ಮನೆ ನೋಡೋಕೆ ಹೋಗಿದ್ದು ಆಯುಧ ಪೂಜೆ ದಿನ. ತಮ್ಮನಿಗೆ ರಜಾ. ಸ್ಕೂಟರಿಗೆ ಹಾರ ಹಾಕಿ, ನಿಂಬೆಹಣ್ಣಿನ ಮೇಲೆ ಹತ್ತಿಸಿ, ಅದೇನೋ ಯುದ್ಧಕ್ಕೆ ಹೊರಟವನ ಹಂಗೆ ನನ್ನ ಕೂರಿಸ್ಕೊಂಡು ಬಂದ. ಆ ಬೀದಿ ಹಿಂದೆ ಪೂರ್ತಿ ಶೆಡ್ಡುಗಳಂತೆ. ಊದುಬತ್ತಿ ಫ್ಯಾಕ್ಟರಿ ಇದ್ದ ಜಾಗ ಟೈಲ್ಸ್ ಗೋಡೌನ್ ಆಗಿತ್ತು, ಫೌಂಡ್ರಿ ಇದ್ದ ಕಡೆ ಒಂದು ಕಲ್ಯಾಣ ಮಂಟಪ. ಮಧ್ಯೆ ಮಧ್ಯೆ ಹಲ್ಲು ಕಟ್ಟಿಸಿದ ಹಂಗೆ ಹೊಸ ಮನೆಗಳು. ಮಾರೋ ಯಜಮಾನ ಆ ಊರಿನವನೇ. ಅಪ್ಪ ರಾಗಿ ಬೆಳೀತಿದ್ದ ಹೊಲದಲ್ಲಿ ಇವನು ಶೆಡ್ಡು ಬೆಳೆದ, ಶೆಡ್ಡು ಒಣಗಿದ ಮೇಲೆ ಮನೆ ಬೆಳೀತಿದ್ದ. ಬಿಳೀ ಪಂಚೆ, ಬೆರಳಿಗೆಲ್ಲ ಉಂಗುರ, ಬಾಯಿ ತುಂಬ ದೇವರು.

'ನೋಡ್ರಮ್ಮಾ, ಎಷ್ಟು ನಿಶ್ಶಬ್ದ! ಪಕ್ಕದಲ್ಲಿ ಒಂದು ಗೋಡೌನು, ಅಷ್ಟೇ. ಒಂದು ಇಲಿ ಓಡಾಡಿದ್ರೂ ಕೇಳಿಸುತ್ತೆ.'

ತಮ್ಮ ಹೊಸ್ತಿಲಲ್ಲಿ ನಿಂತು ಕಿವಿಗೊಟ್ಟ. ಹುಳುಕು ಸಿಗಲಿಲ್ಲ ಅಂತ ಅವನ ಮುಖ ಸಣ್ಣಗಾಯ್ತು. 'ಆಶ್ರಮ ಇದ್ದಂಗಿದೆ ಕಣಕ್ಕಾ,' ಅಂದ, ಹರಳೆಣ್ಣೆ ಕುಡಿದವನ ಥರ.

ಅಲ್ಲೇ ಪಕ್ಕದ ಶಟರಿಗೆ ಬಾಳೆಕಂದು ಕಟ್ಟಿತ್ತು, ಮಾವಿನ ಸೊಪ್ಪಿತ್ತು, ಮುಂದೆ ಕುಂಕುಮ ಸುರಿದು ಒಡೆದ ಬೂದುಗುಂಬಳಕಾಯಿ ಎರಡು. ಗೋಡೌನಿನ ಮೂಟೆಗೆ ಯಾವನು ಎರಡು ಕುಂಬಳಕಾಯಿ ಒಡೀತಾನೆ? ಶಟರಿನ ಮುಂದಿನ ಮಣ್ಣಲ್ಲಿ ತಗಡಿನ ದುಂಡನೆ ಬಿಲ್ಲೆಗಳು ತುಳಿದು ಹೂತಿದ್ದವು. ವಾಷರಿನ ನಡುವಿನ ತೂತಿಂದ ಬೀಳೋ ಬಿಲ್ಲೆ ಅದು. ಇಪ್ಪತ್ತಾರು ವರ್ಷ ಅದನ್ನೇ ಗುಡಿಸಿದೀನಿ. ಮನೆ ಒಳಗೆ ಹೋದರೆ, ಅಡುಗೆಮನೆ ಶೆಲ್ಫಿನ ಅಂಚಿಗೆ ಪಾತ್ರೆ ಜಾರಿ ಬೀಳದ ಹಂಗೆ ಸಿಮೆಂಟಿನ ಕಟ್ಟೆ. ಪಕ್ಕದ ಗೋಡೆಯ ಕಿಟಕಿಗೆ ಗಾಜೇ ಇಲ್ಲ, ಜಾಲರಿ ಬಡಿದಿದ್ರು. ಹಬ್ಬದ ದಿನ ಮೆಷಿನಿಗೆ ಅರಿಶಿನ ಕುಂಕುಮ ಹಚ್ಚಿ ಮಲಗಿಸಿರ್ತಾರೆ. ಅವತ್ತೇ ಮನೆ ತೋರಿಸೋದು ಈ ಯಜಮಾನನ ಬುದ್ಧಿ. ಅವತ್ತೇ ನೋಡಿ ಶಾಂತಿ ಅನ್ನೋದು ನನ್ನ ತಮ್ಮನ ಬುದ್ಧಿ. ಅವನು ಆಫೀಸಲ್ಲಿ ಫೈಲು ನೋಡೋನು.

ಅವನಿಗೆ ಹೇಳಲಿಲ್ಲ. ಹೇಳಿದ್ರೆ ನನ್ನ ಹೊಡೆಯೋಕೆ ನಾನೇ ಕೋಲು ಕೊಟ್ಟ ಹಂಗೆ. 'ಹಬ್ಬ ಮುಗೀಲಿ, ಇನ್ನೊಂದ್ಸಲ ಬಂದು ನೋಡ್ತೀನಿ,' ಅಂದೆ.

'ಬೇರೆ ಪಾರ್ಟಿ ರೆಡಿ ಇದಾರೆ ಕಣಮ್ಮಾ,' ಅಂದ ಯಜಮಾನ.

'ಇರ್ಲಿ ಬಿಡಿ, ಅವರೂ ಕುಂಬಳಕಾಯಿ ನೋಡ್ಲಿ,' ಅಂದೆ. ಅವನಿಗೆ ಅರ್ಥ ಆಗಿದ್ರೂ ಆಗದವನ ಹಂಗೆ ನಕ್ಕ.

ವಿಜಯದಶಮಿ ಕಳೆದ ಮಾರನೇ ದಿನ ನಾನೊಬ್ಬಳೇ ಬಸ್ಸಲ್ಲಿ ಹೋದೆ. ಯಜಮಾನನ ಮನೆಯಲ್ಲಿ ಹೆಂಡತಿ ಇದ್ದಳು, ಏನೂ ಗೊತ್ತಿಲ್ಲದೆ ಕೀ ಕೊಟ್ಟಳು. ಖಾಲಿ ಮನೆಯಲ್ಲಿ ಡಬ್ಬಿ ಬಿಚ್ಚಿ ಚಿತ್ರಾನ್ನ ತಿಂತಾ ಕೂತೆ. ಒಂಬತ್ತಕ್ಕೆ ಶಟರ್ ಎತ್ತಿದ್ರು. ಶುರು ಆಯ್ತು. ನೆಲ ಎದ್ದು ಕೂತ ಹಂಗೆ. ಡಬ್ಬಿ ಮುಚ್ಚಳ ತಾನೇ ನಡ್ಕೊಂಡು ಹೋಗಿ ಗೋಡೆ ಮುಟ್ಟಿತು.

ನಾನು ನೆಲಕ್ಕೆ ಕೈ ಇಟ್ಟು ಕೇಳಿದೆ. ಸರಿಯಾಗಿ ಕೂರಿಸಿದ ಪ್ರೆಸ್ಸು ಒಂದೇ ಸದ್ದು ಮಾಡುತ್ತೆ. ಇದು ಧಡ್ ಅಂತ ಹೊಡೆದು ಹಿಂದೆ ಟಣ್ ಅಂತಿತ್ತು. ಬುಡದ ಬೋಲ್ಟು ಸಡಿಲ. ಅರ್ಧಕ್ಕರ್ಧ ನಡುಕ ಅದರದ್ದೇ, ಸ್ಪಾನರ್ ಹಿಡಿದ್ರೆ ಅರ್ಧ ಗಂಟೆ ಕೆಲಸ. ಆ ಬೀದಿಯವರಿಗೆಲ್ಲ ಕಿವಿ ಇತ್ತು, ಒಬ್ಬರಿಗೂ ತಲೆ ಇರಲಿಲ್ಲ.

ಹೆಂಡತಿ ಕೀ ಕೊಟ್ಟಳು ಅಂತ ಗೊತ್ತಾಗಿ ಯಜಮಾನ ಓಡಿ ಬಂದ. ಆಶ್ರಮ ಅಂದವನು ತನ್ನ ಕಡೆ ಅಂದ್ಕೊಂಡು ತಮ್ಮನಿಗೂ ಫೋನ್ ಮಾಡಿಬಿಟ್ಟಿದ್ದ, ಅವನೂ ಆಫೀಸ್ ಬಿಟ್ಟು ಬಂದ. ಬಾಗಿಲಲ್ಲಿ ನಿಂತು ಸದ್ದು ಕೇಳಿದ್ದೇ ಅವನ ಮುಖದಲ್ಲಿ ದೀಪಾವಳಿ.

'ನೋಡಿದ್ಯಾ ಅಕ್ಕಾ! ಇಲ್ಲಿ ಮನುಷ್ಯರಿರ್ತಾರಾ? ಇದೆಲ್ಲ ಬೇಡ, ನಮ್ಮ ತಾರಸಿ ಮೇಲೆ ತಣ್ಣಗಿರ್ಬೋದು.'

'ಈ ಪ್ರೆಸ್ಸು ಸಾಯಂಕಾಲ ಆರಕ್ಕೆ ನಿಲ್ಲುತ್ತೆ ಕಣೋ,' ಅಂದೆ. 'ನಿನ್ನ ಹೆಂಡ್ತಿ ಬಾಯಿ ನಿಲ್ಲುತ್ತಾ?'

ಅವನು ಹೊರಗೆ ಹೋಗಿ ಸ್ಕೂಟರಿನ ಹಾರ ಕಿತ್ತು ಬಿಸಾಕಿದ. ಆಗಲೇ ಬಾಡಿತ್ತು, ಕಿತ್ತಿದ್ದು ಒಳ್ಳೇದಾಯ್ತು.

ಆಮೇಲೆ ಯಜಮಾನನ ಜೊತೆ ರೇಟು ಮಾತಾಡಿದೆ. ಹೊರಗೆ ಹೋಗಿ ಮಾತಾಡೋಣ ಅಂತ ಅವನು, ಇಲ್ಲೇ ಕೂತು ಮಾತಾಡೋಣ ಅಂತ ನಾನು. ಇಲಿ ಓಡಾಡಿದ್ರೂ ಕೇಳಿಸೋ ಮನೇಲಿ ಅವನು ಕಿರುಚಿ ಕಿರುಚಿ ಗಂಟಲು ಹರ್ಕೊಂಡ. ನಾನು ಒಂದು ರೇಟು ಹೇಳಿ, ಕೇಳಿಸಲ್ಲ ಅಂತ ಕಿವಿಗೆ ಕೈ ಇಟ್ಟು ಕೂತೆ. ಮಧ್ಯಾಹ್ನ ಊಟಕ್ಕೆ ಪ್ರೆಸ್ಸು ನಿಲ್ಲೋ ಮೊದಲೇ ಒಪ್ಪಿಕೊಂಡ. ಬೋಲ್ಟಿನ ಬಗ್ಗೆ ನಾನು ಬಾಯಿ ಬಿಡಲಿಲ್ಲ. ಗೋಡೌನು ಅಂದವನಿಗೆ ನಾನ್ಯಾಕೆ ಸತ್ಯ ಕಲಿಸಬೇಕು?

ಮುಂದಿನ ತಿಂಗಳು ರಿಜಿಸ್ಟ್ರೇಷನ್ ಆಯ್ತು. ಅವತ್ತೇ ಮಧ್ಯಾಹ್ನ ಹಾಲು ಉಕ್ಕಿಸಿದೆ. ತಮ್ಮನೂ ಅವನ ಹೆಂಡತಿಯೂ ಬಂದ್ರು, ಬರದೇ ಇದ್ರೆ ಜನ ಆಡ್ಕೊಳ್ತಾರಲ್ಲ. ಹಾಲು ಕುದಿಯೋಕೆ ಮೊದಲೇ ಪ್ರೆಸ್ಸಿನ ಏಟಿಗೆ ಚೆಲ್ಲಿತು. ಅವಳು ಲೋಟ ಎರಡೂ ಕೈಲಿ ಹಿಡ್ಕೊಂಡು, 'ಅಯ್ಯೋ ಅಕ್ಕಾ, ಹೆಂಗಿರ್ತೀರಿ ಈ ಮನೇಲಿ, ಪಾಪ,' ಅಂದಳು. ಅವಳ ಪಾಪವನ್ನ ಅವಳ ಕೈಗೇ ಎಲೆ ಅಡಿಕೆ ಜೊತೆ ಕೊಟ್ಟು ಕಳಿಸಿದೆ. ಒಳಗಿನಿಂದ ಚಿಲಕ ಹಾಕಿದೆ. ಹೊಸ ಚಿಲಕ, ಸ್ವಲ್ಪ ಬಿಗಿ ಇತ್ತು.

ಮಾರನೇ ದಿನ ಬೆಳಿಗ್ಗೆ ಶಟರ್ ಎತ್ತಿದ ತಕ್ಷಣ ಪಕ್ಕದ ಶೆಡ್ಡಿಗೆ ಹೋದೆ. ಆಪರೇಟರು ವಿಜಾಪುರ ಕಡೆಯವನು, ತಲೆ ನರೆತವನು. ನನ್ನ ನೋಡಿದ್ದೇ ಕೈ ಎತ್ತಿದ.

'ಸೌಂಡಿನ ಜಗಳಕ್ಕ ಬಂದೀರೇನ್ರಿ ಅಮ್ಮಾ? ಮಾಲಕರ ಕೂಡ ಮಾತಾಡ್ರಿ.'

'ಜಗಳ ಆಮೇಲೆ. ಮೊದಲು ಮೆಷಿನ್ ಆಫ್ ಮಾಡು. ಹಿಂದಿನ ಬಲಗಡೆ ಬೋಲ್ಟು ನೋಡಿದೀಯಾ?'

ಅವನು ಬಗ್ಗಿ ಕೈ ಹಾಕಿದ. ನಟ್ಟು ಬೆರಳಲ್ಲೇ ತಿರುಗಿತು. ನನ್ನ ಮುಖ ನೋಡಿದ, ನಟ್ಟು ನೋಡಿದ. ಸ್ಪಾನರ್ ಎಲ್ಲಿಟ್ಟಿದ್ದಾನೆ ಅನ್ನೋದೇ ಅವನಿಗೆ ಗೊತ್ತಿರಲಿಲ್ಲ, ಪೂಜೆಗೆ ತೊಳೆದು ದೇವರ ಪಟದ ಮುಂದೆ ಇಟ್ಟಿದ್ದನ್ನ ಇನ್ನೂ ತೆಗೆದಿರಲಿಲ್ಲ. ಅದನ್ನ ನಾನೇ ಎತ್ತಿಕೊಂಡು ಬಂದು ಅವನ ಕೈಗೆ ಕೊಟ್ಟು, ನಾಲ್ಕೂ ಬೋಲ್ಟು ಬಿಗಿ ಮಾಡಿಸಿದೆ.